ಇಬ್ಬರೂ ಕೆಲಸಕ್ಕೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? – ಕಾಸರಗೋಡಿಗೆ ಬರುವ ಹೊಸಬರಿಗೆ

ಕಾಸರಗೋಡಿಗೆ ಬರುವ ಹೊಸ ಮನೆಯವರಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವವರು ಬಹಳ. ಒಬ್ಬರು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲೋ ಇದ್ದರೆ, ಇನ್ನೊಬ್ಬರು ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಹೋಗುತ್ತಾರೆ. ಬಾಡಿಗೆ ಮನೆ ಸಿಕ್ಕಿದ ಕೂಡಲೇ ನಮ್ಮ ಸಂಘದವರನ್ನು ಕೇಳುವುದು, "ಒಳ್ಳೆಯ ಡೇ ಕೇರ್ ಎಲ್ಲಿದೆ?" ಡೇ ಕೇರ್ ಹುಡುಕಿ. ಆದರೆ ಅದು ಮುಚ್ಚಿರುವ ದಿನ ಮಗುವನ್ನು ನೋಡಿಕೊಳ್ಳುವವರನ್ನೂ ಜೊತೆಗೇ ಹುಡುಕಿ.

ಇಲ್ಲಿ ಅಂಥ ದಿನಗಳು ಜಾಸ್ತಿ. ಮಗುವಿಗೆ ಕೇರಳದ ರಜೆ, ಮಂಗಳೂರಿನಲ್ಲಿ ದುಡಿಯುವ ನಿಮಗೆ ಕರ್ನಾಟಕದ ರಜೆ. ಓಣಂಗೆ ಇಲ್ಲಿ ಶಾಲೆಗಳು ಹೆಚ್ಚುಕಡಿಮೆ ಹತ್ತು ದಿನ ಮುಚ್ಚುತ್ತವೆ, ಮಂಗಳೂರಿನ ಆಫೀಸು ತೆರೆದೇ ಇರುತ್ತದೆ. ಶನಿವಾರವೂ ಇಲ್ಲಿನ ಶಾಲೆಗಳಿಗೆ ಸಾಮಾನ್ಯವಾಗಿ ರಜೆ. ಇನ್ನು ಮಳೆಗಾಲ. ಜೂನ್, ಜುಲೈಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ, ಅಂಗನವಾಡಿಗಳೂ ಅದರಲ್ಲಿ ಸೇರುತ್ತವೆ. ಸುದ್ದಿ ಬರುವುದು ಹಿಂದಿನ ದಿನ ಸಂಜೆಯೋ ರಾತ್ರಿಯೋ, ಕೆಲವೊಮ್ಮೆ ಬೆಳಗ್ಗೆ. ಆ ಹೊತ್ತಿಗೆ ಜನ ಹುಡುಕಲು ಹೊರಟರೆ ಯಾರು ಸಿಗುತ್ತಾರೆ?

ಹಾಗಾಗಿ ಹತ್ತಿರದಲ್ಲೇ ಇರುವ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಪಕ್ಕದ ಮನೆಯ ಅಕ್ಕ ಒಳ್ಳೆಯವರು, ಕರೆದರೆ ಬರುತ್ತಾರೆ ಅಂತ ಸುಮ್ನೆ ನಂಬಿ ಕೂರಬೇಡಿ. ತಿಂಗಳಿಗೆ ಇಷ್ಟು ಎಂದು ಮಾತಾಡಿ, ಕರೆಯದ ತಿಂಗಳೂ ಕೊಡಿ. ಆಗ ಮಳೆ ಸುರಿಯುವ ಬೆಳಗ್ಗೆ ಸಂಕೋಚವಿಲ್ಲದೆ ಫೋನ್ ಮಾಡಬಹುದು. ಭಾನುವಾರಗಳಲ್ಲಿ ಒಂದೆರಡು ಗಂಟೆ ಮಗುವನ್ನು ಅವರ ಜೊತೆ ಬಿಡಿ. ಮುಖ ಪರಿಚಯವೇ ಇಲ್ಲದವರ ಕೈಗೆ ಅವಸರದಲ್ಲಿ ಕೊಟ್ಟರೆ ಮಗು ಹೆದರುತ್ತದೆ, ಅಲ್ವಾ?

ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಮಧ್ಯಾಹ್ನ 3.30ರ ಹೊತ್ತಿಗೆ ಬಿಡುತ್ತಾರೆ, ಅಲ್ಲಿಂದ ಸಂಜೆಯ ತನಕ ಬೇರೆ ಏರ್ಪಾಡು ಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಕನ್ನಡ, ತುಳು ಮಾತಾಡುವ ಟೀಚರ್ ಸಿಗಬಹುದು. ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳವೇ ಹೆಚ್ಚು. ಇದಕ್ಕೆ ಚಿಂತೆ ಬೇಡ, ಮಕ್ಕಳು ಬೇಗ ಕಲಿಯುತ್ತಾರೆ. ಹಸಿವು, ನೋವು, ಮೂತ್ರ ಇವಕ್ಕೆ ನಿಮ್ಮ ಮಗು ಏನು ಹೇಳುತ್ತದೆ ಎಂದು ಮಾತ್ರ ಟೀಚರಿಗೆ ತಿಳಿಸಿ.

ಆಫೀಸಿನಲ್ಲೂ ಕೇಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಮಕ್ಕಳ ಆರೈಕೆ ರಜೆ ಇದೆ. ಕೇಳುವುದಕ್ಕೆ ನಾಚಿಕೆ ಬೇಡ, ಇದು ನಿಮ್ಮ ಹಕ್ಕು.

ಊರಿನಿಂದ ಅಜ್ಜ ಅಜ್ಜಿ ಬಂದರೆ ಸಂತೋಷ. ಆದರೆ ಓಡಾಡುವ ಮಗುವಿನ ಹಿಂದೆ ದಿನವಿಡೀ ಓಡುವ ಕೆಲಸವನ್ನು ಅವರ ಮೇಲೆ ಹೊರಿಸಬೇಡಿ.

ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂದು ಡೇ ಕೇರಿನಲ್ಲಿ ಬರೆದು ಕೊಡಿ. ಅಲ್ಲಿ ಮೊದಲ ಫೋನ್ ನಂಬರ್ ಹಗಲು ಕಾಸರಗೋಡಿನಲ್ಲೇ ಇರುವವರದ್ದಾಗಲಿ, ಅದು ಅಪ್ಪನದಾದರೂ ಸರಿ. ಅಭ್ಯಾಸಬಲದಿಂದ ಎಲ್ಲರೂ ಅಮ್ಮನ ನಂಬರ್ ಬರೆಯುತ್ತಾರೆ. ಅಮ್ಮ ಮಂಗಳೂರಿನಲ್ಲಿದ್ದರೆ, ಜ್ವರ ಬಂದ ಮಗು ರೈಲು ಬರುವ ತನಕ ಕಾಯಬೇಕಾಗುತ್ತದೆ.