ಬಾಡಿಗೆ ಮನೆಗೆ ಕಳೆ ತರುವುದು: ಕೋಲಾರಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಸಿಕ್ಕಿ ಕಲಬುರಗಿ, ಹಾವೇರಿ, ಶಿವಮೊಗ್ಗದ ಕಡೆಯಿಂದ ಬರುವವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಮನೆ ಎಲ್ಲಿ ಸಿಗುತ್ತದೆ ಎಂದು. ಎರಡನೆಯ ಪ್ರಶ್ನೆಯನ್ನು ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ: ಅಡ್ವಾನ್ಸ್ ಕೊಟ್ಟು ಕೈ ಬರಿದಾಗಿದೆ, ಬೋಳು ಗೋಡೆ ನೋಡಿದರೆ ಮನಸ್ಸು ಊರಿಗೆ ಓಡುತ್ತದೆ, ಏನು ಮಾಡುವುದು? ಸಂಕೋಚ ಬೇಡ. ಇರುವ ಮನೆಯನ್ನು ಚೆಂದವಾಗಿ ಇಟ್ಟುಕೊಳ್ಳುವುದು ಶೋಕಿಯಲ್ಲ.

ಮೊದಲ ತಿಂಗಳು ಅಲಂಕಾರಕ್ಕೆಂದು ಏನನ್ನೂ ಕೊಳ್ಳಬೇಡಿ. ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಮಕ್ಕಳು ಓದಲು ಎಲ್ಲಿ ಕೂರುತ್ತಾರೆ, ನೆಂಟರು ಬಂದರೆ ಎಲ್ಲಿ ಮಲಗುತ್ತಾರೆ ಎಂಬುದನ್ನು ಗಮನಿಸಿ. ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಆದ್ದರಿಂದ ಬಿಡುವಾಗ ಹೊತ್ತೊಯ್ಯಬಹುದಾದ ವಸ್ತುವಿಗೆ ಮಾತ್ರ ಹಣ ಹಾಕಿ. ಗೋಡೆಗೆ ಅಂಟಿಸಿದ್ದು ಮಾಲೀಕರ ಪಾಲು.

ಮೊಳೆಯ ವಿಷಯ ಮೊದಲೇ ಮಾತಾಡಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಕೇಳದೆ ಆರು ಮೊಳೆ ಹೊಡೆದೆ. ಮನೆ ಬಿಡುವಾಗ ಒಂದು ಕೋಣೆಯ ಬಣ್ಣದ ಖರ್ಚು ನನ್ನ ಅಡ್ವಾನ್ಸಿನಿಂದ ಮುರಿದುಕೊಂಡರು. ಅಂಟು ಕೊಕ್ಕೆಗಳನ್ನೂ ನಂಬಬೇಡಿ, ಡಿಸ್ಟೆಂಪರ್ ಬಳಿದ ಗೋಡೆಯಿಂದ ಅವು ಬಣ್ಣವನ್ನೇ ಕಿತ್ತುಕೊಂಡು ಬರುತ್ತವೆ. ಮನೆಗೆ ಕಾಲಿಟ್ಟ ದಿನವೇ ಪ್ರತಿ ಗೋಡೆಯ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ.

ಇಲ್ಲಿನ ಬಾಡಿಗೆ ಮನೆಗಳಲ್ಲಿ ಹೊಸಬರ ಕಣ್ಣಿಗೆ ಚುಚ್ಚುವುದು ಕಡಪ ಕಲ್ಲಿನ ಬಾಗಿಲಿಲ್ಲದ ಕಪಾಟು. ಅಡುಗೆಮನೆಯ ಡಬ್ಬಿ, ಬಟ್ಟೆಯ ಗಂಟು ಎಲ್ಲವೂ ಬಯಲಾಗುತ್ತದೆ. ಬಾಗಿಲು ಮಾಡಿಸಲು ಹೋಗಬೇಡಿ. ಎರಡು ಬದಿಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಅದಕ್ಕೆ ಮೊಳೆ ಬೇಡ. ಪರದೆಗೆ ಹಳೆಯ ಹತ್ತಿ ಸೀರೆಯೇ ಸಾಕು. ಐದೂವರೆ ಮೀಟರ್ ಸೀರೆಯನ್ನು ಅಡ್ಡಕ್ಕೆ ನಾಲ್ಕು ತುಂಡು ಮಾಡಿದರೆ ಮಡಿಕೆ ಹೊಲಿಗೆ ಕಳೆದು ಸುಮಾರು ನಾಲ್ಕು ಅಡಿ ಉದ್ದದ ನಾಲ್ಕು ಪರದೆಗಳಾಗುತ್ತವೆ. ಇಳಕಲ್ ಸೀರೆಯಾದರೆ ಮೊದಲು ಸೆರಗನ್ನು ಬಿಡಿಸಿ ದಿವಾನದ ಮೇಲೆ ಹಾಸಿ, ಉಳಿದದ್ದನ್ನು ಕತ್ತರಿಸಿ. ಹೊಸ ಹತ್ತಿ ಬಟ್ಟೆ ಕೊಂಡರೆ ಒಮ್ಮೆ ಒಗೆದು ಆಮೇಲೆ ಹೊಲಿಗೆಗೆ ಕೊಡಿ, ಇಲ್ಲವಾದರೆ ಕುಗ್ಗಿ ಗಿಡ್ಡವಾಗುತ್ತದೆ.

ಉತ್ತರ ಕರ್ನಾಟಕದಿಂದ ಬಂದವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ನಿಮ್ಮಲ್ಲಿ ಹಲವರು ಅಜ್ಜಿ ಹೊಲಿದ ಕೌದಿಯನ್ನು ಟ್ರಂಕಿನಲ್ಲಿ ಮುಚ್ಚಿಟ್ಟು, ಅಂಗಡಿಯಿಂದ ಹೊಳೆಯುವ ಹೊದಿಕೆ ತಂದು ಹಾಸುತ್ತೀರಿ. ಕೌದಿಯನ್ನು ಹೊರಗೆ ತೆಗೆಯಿರಿ. ಬಂದವರು ಮೊದಲು ನೋಡುವ ಕಡೆ ಹಾಸಿ. ಅದಕ್ಕಿಂತ ಚೆಂದದ ವಸ್ತುವನ್ನು ನಾನು ಈ ಊರಿನ ಯಾವ ಅಂಗಡಿಯಲ್ಲೂ ಕಂಡಿಲ್ಲ.

ಬೆಳಕಿಗೆ ಹೆಚ್ಚು ಖರ್ಚಿಲ್ಲ. ಹಾಲ್‌ನಲ್ಲಿ ಸಾಮಾನ್ಯವಾಗಿ ಒಂದೇ ಬಿಳಿ ಟ್ಯೂಬ್ ಇರುತ್ತದೆ. ಕೂರುವ ಮೂಲೆಗೆ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಇರುವ ಒಂದು ಟೇಬಲ್ ದೀಪ ಇಡಿ. ಅಂಗಡಿಯಲ್ಲಿ ‘ವಾರ್ಮ್ ವೈಟ್’ ಎಂದು ಕೇಳಿ, ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರಬೇಕು. ದಿನಕ್ಕೆ 5 ಗಂಟೆ ಉರಿಸಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗುವುದಿಲ್ಲ.

ಈ ಜಿಲ್ಲೆಯಲ್ಲೇ ಸಿಗುವುದನ್ನು ಬಳಸಿ. ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಎರಡು ಬದಿ ಇಟ್ಟಿಗೆ ಜೋಡಿಸಿ ಮೇಲೊಂದು ಹಲಗೆ ಇಟ್ಟರೆ ಪುಸ್ತಕದ ಕಪಾಟು ಸಿದ್ಧ. ಮಕ್ಕಳಿರುವ ಮನೆಯಲ್ಲಿ ಎರಡು ಅಂತಸ್ತು ಮೀರಬೇಡಿ. ಟೊಮೆಟೊ ಕ್ರೇಟ್ ಬೋರಲು ಹಾಕಿ ದಿಂಬು ಇಟ್ಟರೆ ಪೀಠ. ಆದರೆ ಮಂಡಿಯ ಹೆಸರು ಅಚ್ಚಾದ ಕ್ರೇಟ್ ಆ ಮಂಡಿಯವರದು, ಎತ್ತಿಕೊಂಡು ಬರಬೇಡಿ, ಕೇಳಿ ಕೊಂಡುಕೊಳ್ಳಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಕಲ್ಲು ಕಡೆಯುವುದನ್ನು ತೋರಿಸಿ, ಬಜೆಟ್ ಇದ್ದರೆ ಒಂದು ಚಿಕ್ಕ ಮೂರ್ತಿ ತನ್ನಿ. ಬೇರೇನೂ ಇಲ್ಲದ ಮೂಲೆಗೆ ಅದೊಂದೇ ಸಾಕು.

ಗಿಡ ಇಡುವುದಾದರೆ ಕೊಳವೆಬಾವಿಯ ಗಡಸು ನೀರು ನೆನಪಿರಲಿ, ಎಲೆಗೆ ಚಿಮುಕಿಸಿದರೆ ಬಿಳಿ ಕಲೆ ಉಳಿಯುತ್ತದೆ. ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಹಾಕಿ. ಲೋಳೆಸರ, ದೊಡ್ಡಪತ್ರೆ, ಮನಿ ಪ್ಲಾಂಟ್ ನೀರಿನ ಟ್ಯಾಂಕರ್ ತಡವಾದ ವಾರದಲ್ಲೂ ಬದುಕುತ್ತವೆ. ಈ ಮೂರನ್ನೂ ನೆರೆಯವರ ಬಳಿ ಕೇಳಿ, ಕೊಂಬೆಯನ್ನೋ ಮರಿಯನ್ನೋ ಕೊಡಲು ಯಾರೂ ಇಲ್ಲವೆನ್ನುವುದಿಲ್ಲ. ಪಕ್ಕದ ಮನೆಯಲ್ಲಿ ತೆಲುಗು ಕೇಳಿಬಂದರೂ ಹಿಂಜರಿಯಬೇಡಿ, ಇಲ್ಲಿ ಹೆಚ್ಚಿನವರಿಗೆ ಎರಡೂ ಬರುತ್ತದೆ.

ಮಂಚ, ಬೀರು, ಓದುವ ಮೇಜು ಕೊಳ್ಳುವ ಮೊದಲು ಸಂಘದ ಕಚೇರಿಯಲ್ಲಿರುವ ಪುಸ್ತಕ ನೋಡಿ. ವರ್ಗವಾಗಿ ಹೋಗುವವರು ಬಿಟ್ಟುಹೋಗುವ ಸಾಮಾನನ್ನು ಅದರಲ್ಲಿ ಬರೆದಿರುತ್ತಾರೆ. ಸಾಗಿಸುವ ಗಾಡಿಯ ಬಾಡಿಗೆ ನಿಮ್ಮದು, ಮೆಟ್ಟಿಲು ಹತ್ತಿಸಲು ನಾಲ್ಕು ಜನರನ್ನು ನಾವು ಕಳುಹಿಸುತ್ತೇವೆ.