ಇಂಟರ್ನ್‌ಶಿಪ್ ಕೇಳುವ ಮುಂಚೆ ಒಂದು ಪ್ರಶ್ನೆ ಹುಡುಕಿ

ಹೈಸ್ಕೂಲಿನಲ್ಲೇ ಸಂಶೋಧಕರ ಜೊತೆ ಇಂಟರ್ನ್‌ಶಿಪ್ ಮಾಡಬೇಕು ಅಂದ ಕೂಡಲೇ ಎಲ್ಲರೂ ದೊಡ್ಡ ಹೆಸರಿನ ಬೇಸಿಗೆ ಕಾರ್ಯಕ್ರಮಗಳ ಪಟ್ಟಿ ಹಿಡಿದು ಕೂರುತ್ತಾರೆ. ಅರ್ಜಿ ಹಾಕಿ, ತಪ್ಪೇನಿಲ್ಲ. ಆದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ಬೇಸಿಗೆ ಕಾರ್ಯಕ್ರಮಕ್ಕೆ ಇಡೀ ಜಗತ್ತಿನಿಂದ ಆಯ್ಕೆಯಾಗುವವರು ವರ್ಷಕ್ಕೆ ನೂರರ ಆಸುಪಾಸು. ಅದೊಂದನ್ನೇ ನೆಚ್ಚಿಕೊಂಡರೆ ರಜೆ ಮುಗಿದೇ ಹೋಗುತ್ತದೆ.

ಮೊದಲು ನಿಮ್ಮದೇ ಒಂದು ಪ್ರಶ್ನೆ ಬೇಕು. ಅದಕ್ಕೆ ಲ್ಯಾಬ್ ಬೇಕಿಲ್ಲ. ಅಮೆರಿಕದ ಎಮಿಲಿ ರೋಸಾ ಒಂಬತ್ತು ವರ್ಷದವಳಿದ್ದಾಗ, ಮುಟ್ಟದೆಯೇ ದೇಹದ 'ಶಕ್ತಿ' ಕೈಗೆ ತಿಳಿಯುತ್ತದೆ ಎನ್ನುವ ಚಿಕಿತ್ಸಕರನ್ನು ಪರೀಕ್ಷಿಸಿದಳು. ಮಧ್ಯೆ ಒಂದು ಪರದೆ. ಅವರು ಎರಡೂ ಕೈ ಈಚೆಗೆ ಚಾಚಬೇಕು, ಇವಳು ನಾಣ್ಯ ಚಿಮ್ಮಿ ಯಾವುದೋ ಒಂದರ ಮೇಲೆ ತನ್ನ ಕೈ ಹಿಡಿಯುತ್ತಾಳೆ, ಅದು ಎಡವೋ ಬಲವೋ ಅವರು ಹೇಳಬೇಕು. 280 ಸಲದಲ್ಲಿ ಸರಿಯಾಗಿದ್ದು 123. ಸುಮ್ನೆ ಊಹಿಸಿದ್ದರೂ ಇದಕ್ಕಿಂತ ಜಾಸ್ತಿ ಬರುತ್ತಿತ್ತೇನೋ! 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲೇ ಇದು ಪ್ರಕಟವಾಯಿತು.

ಪ್ರಶ್ನೆ ಹೊಳೆಯುತ್ತಿಲ್ಲವಾ? ಝೂನಿವರ್ಸ್ ತಾಣಕ್ಕೆ ಹೋಗಿ. ವಿಜ್ಞಾನಿಗಳು ತಮ್ಮ ಅಸಲಿ ಚಿತ್ರ, ದಾಖಲೆಗಳನ್ನೇ ಗುರುತಿಸಿ ವಿಂಗಡಿಸಲು ಅಲ್ಲಿ ಜನರ ಕೈಗೆ ಕೊಡುತ್ತಾರೆ. ಹಕ್ಕಿ ಇಷ್ಟವಿದ್ದರೆ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ತಾಣವಿದೆ. ಒಂದು ತಿಂಗಳು ಮಾಡಿ, ವಿಚಿತ್ರ ಅನಿಸಿದ್ದನ್ನೆಲ್ಲ ಬರೆದಿಡಿ.

ಆಮೇಲೆ ಅದೇ ವಿಷಯವನ್ನು, ಸಂಶೋಧನಾ ಪ್ರಬಂಧಗಳು ಸಿಗುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಪ್ರಬಂಧ ಪೂರ್ತಿ ಅರ್ಥವಾಗುವುದಿಲ್ಲ, ಬೇಜಾರಾಗಬೇಡಿ. ಸಾರಾಂಶ ಮತ್ತು ಗ್ರಾಫ್‌ಗಳನ್ನು ನೋಡಿ. ಜೀವವಿಜ್ಞಾನದಂಥ ವಿಷಯಗಳಲ್ಲಿ ಲೇಖಕರ ಪಟ್ಟಿಯ ಕೊನೆಯ ಹೆಸರು ಸಾಮಾನ್ಯವಾಗಿ ಲ್ಯಾಬ್ ಮುಖ್ಯಸ್ಥರದ್ದು, ಮೊದಲನೆಯದು ಕೂತು ಕೆಲಸ ಮಾಡಿದವರದ್ದು, ಬಹಳ ಸಲ ಪಿಎಚ್‌ಡಿ ವಿದ್ಯಾರ್ಥಿ. ಎಲ್ಲರೂ ಮುಖ್ಯಸ್ಥರಿಗೇ ಬರೆಯುತ್ತಾರೆ. ನೀವು ಮೊದಲ ಹೆಸರಿನವರಿಗೆ ಬರೆಯಿರಿ. ಎಣಿಸುವ, ವಿಂಗಡಿಸುವ ಕೆಲಸ ರಾಶಿ ಬಿದ್ದಿರುವುದು ಅವರ ಮೇಜಿನ ಮೇಲೆ.

ಮೇಲ್ ಹೇಗಿರಬೇಕು? 'ನನಗೆ ಚಿಕ್ಕಂದಿನಿಂದಲೂ ವಿಜ್ಞಾನವೆಂದರೆ ಪ್ರಾಣ' ಅಂತ ಶುರು ಮಾಡಿದರೆ ಮುಂದಿನ ಸಾಲು ಯಾರೂ ಓದುವುದಿಲ್ಲ. ಹೀಗೆ ಬರೆಯಬಹುದು:

'ಇರುವೆಗಳ ಬಗ್ಗೆ ನೀವು ಬರೆದ ಪ್ರಬಂಧ ಓದಿದೆ. ಎರಡನೇ ಗ್ರಾಫಿನಲ್ಲಿ ಮಧ್ಯಾಹ್ನದ ಎಣಿಕೆ ಯಾಕೆ ಇಳಿದಿದೆ ಎಂದು ತಿಳಿಯಲಿಲ್ಲ. ಬಿಸಿಲು ಕಾರಣವೇ? ನಾನೂ ಹತ್ತು ದಿನ ಎಣಿಸಿದೆ, ಪಟ್ಟಿ ಜೊತೆಗಿದೆ. ಹತ್ತನೇ ತರಗತಿಯಲ್ಲಿದ್ದೇನೆ, ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ ಬರುತ್ತದೆ. ಎಂಟು ವಾರ, ವಾರಕ್ಕೆ ನಾಲ್ಕು ಗಂಟೆ ಸಮಯವಿದೆ. ವಿಡಿಯೋ ನೋಡಿ ಎಣಿಸುವ ಕೆಲಸವಿದ್ದರೂ ಮಾಡುತ್ತೇನೆ.'

ಇಷ್ಟೇ ಸಾಕು. ಒಂದೇ ಮೇಲನ್ನು ಐವತ್ತು ಜನಕ್ಕೆ ಕಳಿಸಬೇಡಿ, ಓದಿದವರಿಗೆ ಗೊತ್ತಾಗಿಬಿಡುತ್ತದೆ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. 'ಜಾಗವಿಲ್ಲ' ಎಂದರೆ, ಬೇರೆ ಯಾರನ್ನು ಕೇಳಬಹುದು ಎಂದು ವಿಚಾರಿಸಿ. ಬಹಳಷ್ಟು ಜನ ಕೇಳದೇ ಬಿಡುವ ಪ್ರಶ್ನೆ ಅದೇ.

ರಾಸಾಯನಿಕ, ರೋಗಾಣುಗಳಿರುವ ಲ್ಯಾಬ್‌ಗಳಲ್ಲಿ 18 ತುಂಬದವರನ್ನು ಬಿಟ್ಟುಕೊಳ್ಳುವುದು ಕಷ್ಟ, ಆದ್ದರಿಂದ ಕಂಪ್ಯೂಟರಿನಲ್ಲಿ ಆಗುವ ಕೆಲಸ ಕೇಳುವುದೇ ಜಾಣತನ. ಮನೆಯವರ ಒಪ್ಪಿಗೆ ಪತ್ರ ಮೊದಲೇ ಸಿದ್ಧವಿರಲಿ. ಹಣ ಕಟ್ಟಿದರೆ ಪ್ರಬಂಧದಲ್ಲಿ ಹೆಸರು ಹಾಕಿಸುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ.

ಕೆಲಸ ಸಿಕ್ಕಿತು ಅಂದುಕೊಳ್ಳಿ. ಮೊದಲ ವಾರ ಬರೀ ಫೈಲುಗಳ ಹೆಸರು ಬದಲಿಸುವುದೇ ಇರಬಹುದು. ಮಾಡಿ, ದಿನಾ ಏನು ಮಾಡಿದಿರಿ ಎಂದು ತಾರೀಖು ಹಾಕಿ ಎರಡು ಸಾಲು ಬರೆದಿಡಿ. ಮುಂದೆ ಶಿಫಾರಸು ಪತ್ರ ಕೇಳುವಾಗ ಆ ಪುಟಗಳನ್ನೇ ಅವರಿಗೆ ಕಳಿಸಬಹುದು.