ಹಂಪಿಯಲ್ಲಿ ಸಮಯ ಕಡಿಮೆ ಇದ್ದಾಗ: ಕಲ್ಲಿನ ರಥಕ್ಕೆ ಹೋಗುವುದೋ, ಬಿಡುವುದೋ?

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಕಲ್ಲಿನ ರಥ ಬಂದ ಮೇಲೆ ಹಂಪಿಗೆ ಹೋದವರೆಲ್ಲ ಅದರ ಮುಂದೆ ನಿಂತೇ ಬರಬೇಕು ಅನ್ನುವಂತಾಗಿದೆ. ದಿನವಿಡೀ ಸಮಯ ಇದ್ದವರಿಗೆ ಇದರಲ್ಲಿ ಯೋಚಿಸುವಂಥದ್ದೇನಿಲ್ಲ, ಹೋಗಬೇಕು. ಕೈಯಲ್ಲಿ ನಾಲ್ಕೈದು ಗಂಟೆ ಮಾತ್ರ ಇದ್ದು, ಅದೂ ಭಾನುವಾರವೋ ಡಿಸೆಂಬರ್ ತಿಂಗಳೋ ಆಗಿದ್ದರೆ, ಆ ರಥ ಇರುವ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಮುನ್ನ ಒಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ವಿಠ್ಠಲ ದೇವಸ್ಥಾನ ಹಂಪಿ ಬಜಾರಿನ ಪಕ್ಕದಲ್ಲಿಲ್ಲ. ಹೊಸಪೇಟೆಯಿಂದ 13 ಕಿಲೋಮೀಟರ್ ಬಂದು ಬಸ್ ನಿಮ್ಮನ್ನು ಇಳಿಸುವುದು ವಿರೂಪಾಕ್ಷ ದೇವಸ್ಥಾನದ ಹತ್ತಿರ. ಅಲ್ಲಿಂದ ವಿಠ್ಠಲಕ್ಕೆ ನದಿದಂಡೆಯ ಕಾಲುದಾರಿಯಲ್ಲಿ ಸುಮಾರು 2 ಕಿಲೋಮೀಟರ್. ಗಾಡಿಯಲ್ಲಾದರೆ ಕಮಲಾಪುರ, ತಳವಾರಘಟ್ಟದ ಕಡೆಯಿಂದ ಸುತ್ತಿಕೊಂಡು ಒಂಬತ್ತು ಕಿಲೋಮೀಟರಿನಷ್ಟಾಗುತ್ತದೆ. ಹಾಗೆ ಹೋದರೂ ಆಟೋ, ಕಾರು ದೇವಸ್ಥಾನದವರೆಗೆ ಹೋಗುವಂತಿಲ್ಲ. ಗೆಜ್ಜಲ ಮಂಟಪದ ಹತ್ತಿರದ ಪಾರ್ಕಿಂಗಿನಲ್ಲಿ ಗಾಡಿ ಬಿಟ್ಟು ಕೊನೆಯ ಒಂದು ಕಿಲೋಮೀಟರನ್ನು ಬ್ಯಾಟರಿ ಗಾಡಿಯಲ್ಲೋ ನಡೆದೋ ಹೋಗಬೇಕು. ಸಮಯ ಸೋರಿಹೋಗುವುದು ಇಲ್ಲೇ. ದೇವಸ್ಥಾನದ ಒಳಗೆ ಜನ ಎಷ್ಟಿದ್ದರೂ ಅಂಗಳ ವಿಶಾಲವಾಗಿದೆ. ಬ್ಯಾಟರಿ ಗಾಡಿಯ ಸರದಿ ಮಾತ್ರ ಮುಂದೆ ಸರಿಯುವುದೇ ಇಲ್ಲ.

ಮೊದಲು ಲೆಕ್ಕ

ರಜಾದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಂಪಿ ಬಜಾರಿನಿಂದ ಆಟೋ ಹಿಡಿದಿರಿ ಎಂದಿಟ್ಟುಕೊಳ್ಳಿ. ಪಾರ್ಕಿಂಗಿಗೆ 25 ನಿಮಿಷ, ಬ್ಯಾಟರಿ ಗಾಡಿಯ ಸರದಿ 45, ಪ್ರಯಾಣ 5, ಟಿಕೆಟ್ ಸರದಿ 15, ಒಳಗೆ ಒಂದು ಗಂಟೆ. ಬರುವಾಗ ಮತ್ತೆ ಸರದಿ 30, ಪ್ರಯಾಣ 5, ಆಟೋ 25. ಎಲ್ಲ ಕೂಡಿಸಿದರೆ ಮೂರೂವರೆ ಗಂಟೆ. ಅಂದರೆ ಒಂದು ಗಂಟೆಯ ನೋಟಕ್ಕೆ ಎರಡೂವರೆ ಗಂಟೆಯ ಓಡಾಟ ಮತ್ತು ಕಾಯುವಿಕೆ. ಅದೇ ಆ ಕೊನೆಯ ಕಿಲೋಮೀಟರನ್ನು ಹೋಗುವಾಗ, ಬರುವಾಗ ಎರಡೂ ಸಲ ನಡೆದರೆ (ಒಂದೊಂದು ಸಲಕ್ಕೆ 15 ನಿಮಿಷ) ಒಟ್ಟು 155 ನಿಮಿಷಕ್ಕೆ ಮುಗಿಯುತ್ತದೆ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಬ್ಯಾಟರಿ ಗಾಡಿಯಲ್ಲೂ ಎರಡು ಗಂಟೆಗಿಂತ ತುಸು ಹೆಚ್ಚು ಸಾಕು.

ಈಗ ನಿಮ್ಮ ಸಮಯ ನೋಡಿಕೊಳ್ಳಿ. ಹೊಸಪೇಟೆಯ ಹೋಗಿ-ಬರುವ ಪ್ರಯಾಣ ಕಳೆದು ಹಂಪಿಯಲ್ಲೇ ಎಷ್ಟು ಗಂಟೆ ಉಳಿಯುತ್ತದೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ವಿಠ್ಠಲ ದೇವಸ್ಥಾನ ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗುವುದಾದರೆ ಈ ಸಲ ಬಿಡಿ. ಅರ್ಧದೊಳಗೆ ಮುಗಿಯುವಂತಿದ್ದರೆ ಹೋಗಿ, ಆದರೆ ಎಲ್ಲಕ್ಕಿಂತ ಮೊದಲು ಅದನ್ನೇ ನೋಡಿ ಮುಗಿಸಿ. ಈ ಅಳತೆಯಲ್ಲಿ ರಜಾದಿನ ಬ್ಯಾಟರಿ ಗಾಡಿಗೆ ಕಾಯುವವರಿಗೆ ಏಳು ಗಂಟೆ, ನಡೆದು ಹೋಗುವವರಿಗೆ ಐದು ಗಂಟೆಗಿಂತ ತುಸು ಹೆಚ್ಚು ಬೇಕು; ಅಷ್ಟಿಲ್ಲದವರು ಬಿಡುವುದೇ ಲೇಸು. ವಾರದ ನಡುವೆ ಬೆಳಿಗ್ಗೆ ಬರುವವರು ನಾಲ್ಕೂವರೆ ಗಂಟೆಯಲ್ಲೂ ನಿಭಾಯಿಸಬಹುದು.

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಏಳರ ಆಸುಪಾಸಿಗೆ ಹೊಸಪೇಟೆಯಲ್ಲಿಳಿದು, ಅದೇ ರಾತ್ರಿ ಹಿಂದಿರುಗುವವರಿಗೆ ಈ ಪ್ರಶ್ನೆಯೇ ಇಲ್ಲ. ತಿಂಡಿ ಮುಗಿಸಿ ನೇರ ವಿಠ್ಠಲಕ್ಕೆ ಆಟೋ ಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಯಾವ ದಿನ, ಯಾವ ಹೊತ್ತು

ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಅವು ಸಾಮಾನ್ಯವಾಗಿ ವಿರೂಪಾಕ್ಷನ ದರ್ಶನ ಮುಗಿಸಿಕೊಂಡು ವಿಠ್ಠಲಕ್ಕೆ ತಲುಪುವುದು ಹತ್ತೂವರೆಯಿಂದ ಮಧ್ಯಾಹ್ನ ಎರಡರ ನಡುವೆ. ಸಾಲು ರಜೆ, ಸಂಕ್ರಾಂತಿ, ಹಂಪಿ ಉತ್ಸವದ ದಿನಗಳಲ್ಲಿ ಹೊತ್ತಿನ ಲೆಕ್ಕವೇ ನಡೆಯುವುದಿಲ್ಲ, ಇಡೀ ದಿನ ಜನ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ನವೆಂಬರ್ 19ರಂದು ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಪ್ರವೇಶ ಉಚಿತ. ನಲವತ್ತು ರೂಪಾಯಿ ಉಳಿಸಲು ಆ ದಿನ ಆರಿಸಿಕೊಂಡರೆ ಸರದಿಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಬೆಳಿಗ್ಗೆ ತೆರೆದ ಮೊದಲ ಒಂದು ಗಂಟೆಯಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಮಧ್ಯಾಹ್ನ ಮೂರೂವರೆಯ ನಂತರ ದೂರದೂರಿನ ಬಸ್ಸುಗಳು ಹೊರಡುತ್ತವೆ, ಹಾಗಾಗಿ ಆ ಹೊತ್ತೂ ಆಗಬಹುದು. ಆದರೆ ಸಂಜೆ ಮುಚ್ಚುವ ಸಮಯವನ್ನು ಹಿಂದಿನ ದಿನವೇ ಖಚಿತಪಡಿಸಿಕೊಂಡು, ಅದಕ್ಕಿಂತ ಒಂದೂವರೆ ಗಂಟೆ ಮೊದಲು ಗೋಪುರದ ಒಳಗಿರಬೇಕು. ಮಾರ್ಚ್‌ನಿಂದ ಮೇ ತನಕ ಹನ್ನೊಂದರಿಂದ ನಾಲ್ಕರವರೆಗೆ ಹೋಗಲೇಬೇಡಿ. ಹಂಪಿಯ ಬಂಡೆಗಳು ಕಾದ ಹೆಂಚಿನಂತಿರುತ್ತವೆ, ಆ ಒಂದು ಕಿಲೋಮೀಟರಿಗೆ ನೆರಳೂ ಕಡಿಮೆ.

ಹೆಚ್ಚಿನವರು ತಪ್ಪುವುದು ಆಟೋ ಮಾತಾಡುವಾಗ. ‘ಎಲ್ಲ ತೋರಿಸ್ತೀವಿ’ ಎನ್ನುವ ಸುತ್ತು ಸಾಮಾನ್ಯವಾಗಿ ಕಡಲೆಕಾಳು ಗಣೇಶನಿಂದ ಶುರುವಾಗಿ ದಾರಿಯಲ್ಲಿರುವುದನ್ನೆಲ್ಲ ಮುಗಿಸಿ ಕೊನೆಗೆ ವಿಠ್ಠಲಕ್ಕೆ ಬರುತ್ತದೆ. ಪೆಟ್ರೋಲ್ ಲೆಕ್ಕದಲ್ಲಿ ಅದು ಸರಿ, ನಿಮ್ಮ ಲೆಕ್ಕದಲ್ಲಿ ತಪ್ಪು. ‘ಮೊದಲು ವಿಠ್ಠಲ, ಆಮೇಲೆ ಕಮಲ ಮಹಲ್, ಕೊನೆಗೆ ಹಂಪಿ ಬಜಾರ್’ ಎಂದು ಹತ್ತುವ ಮೊದಲೇ ಹೇಳಿ, ಕಾಯುವ ಸಮಯವನ್ನೂ ಸೇರಿಸಿಯೇ ದರ ಗೊತ್ತುಮಾಡಿಕೊಳ್ಳಿ.

ಹೋಗುವುದೆಂದು ಗಟ್ಟಿ ಮಾಡಿದರೆ

ಟಿಕೆಟನ್ನು ಪುರಾತತ್ವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹೊಸಪೇಟೆಯಲ್ಲಿದ್ದಾಗಲೇ ಕೊಂಡುಬಿಡಿ. ಬಂಡೆಗಳ ನಡುವೆ ಮೊಬೈಲ್ ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ, ಆಗ ಕೋಡ್ ಸ್ಕ್ಯಾನ್ ಮಾಡುತ್ತ ನಿಂತವರಿಂದಲೇ ಅರ್ಧ ಸರದಿ ಬೆಳೆಯುತ್ತದೆ. ಟಿಕೆಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹೊರದೇಶದಿಂದ ರಜೆಗೆ ಬಂದ ಮಕ್ಕಳು, ಮೊಮ್ಮಕ್ಕಳು ಜೊತೆಗಿದ್ದರೆ ಅವರ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ತನ್ನಿ; ಅದಿದ್ದವರಿಗೆ ಭಾರತೀಯರ ದರವೇ. ಇದೇ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಹಾಗಾಗಿ ಹೊರಬಂದ ಮೇಲೆ ಬಿಸಾಡಬೇಡಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ನಡೆಯಲು ಶಕ್ತಿಯಿದ್ದರೆ ಬ್ಯಾಟರಿ ಗಾಡಿಯ ಸರದಿಯನ್ನು ನೋಡಿದ ತಕ್ಷಣ ಬಿಟ್ಟು ನಡೆಯಿರಿ. ಆ ದಾರಿ ಬರಿಯ ದಾರಿಯಲ್ಲ. ಗೆಜ್ಜಲ ಮಂಟಪ, ಕುದುರೆಗೊಂಬೆ ಮಂಟಪ, ಪುಷ್ಕರಣಿ, ಎರಡೂ ಬದಿಗೆ ಕಲ್ಲುಕಂಬಗಳ ಸಾಲು ನಿಂತ ಹಳೆಯ ವಿಠ್ಠಲ ಬಜಾರು, ಎಲ್ಲವೂ ಅಲ್ಲೇ ಇವೆ. ಬ್ಯಾಟರಿ ಗಾಡಿಯಲ್ಲಿ ಹೋದವರು ಇವನ್ನು ಧೂಳಿನ ನಡುವೆ ಓಡುತ್ತ ನೋಡುತ್ತಾರೆ. ಮೊಣಕಾಲು ನೋವಿನ ಹಿರಿಯರಿದ್ದರೆ ಅವರನ್ನು ಒಬ್ಬರ ಜೊತೆಯಲ್ಲಿ ಗಾಡಿಯಲ್ಲಿ ಕಳಿಸಿ ಉಳಿದವರು ನಡೆಯಬಹುದು. ಒಳಗೆ ಮಂಟಪಗಳ ಜಗುಲಿ ಎತ್ತರ, ಮೆಟ್ಟಿಲುಗಳೂ ಕಡಿದು. ಹಿರಿಯರಿಗೆ ಅಂಗಳದಿಂದಲೇ ನೋಡುವ ಅವಕಾಶವಿದೆ ಎಂದು ಮೊದಲೇ ತಿಳಿಸಿಬಿಡಿ.

ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಇನ್ನೂ ಒಳ್ಳೆಯ ಉಪಾಯ ಒಂದಿದೆ. ಹಂಪಿ ಬಜಾರಿನ ತುದಿಯಲ್ಲಿರುವ ‘ಎದುರು ಬಸವಣ್ಣ’ ಎಂಬ ದೊಡ್ಡ ನಂದಿಯ ಹತ್ತಿರ ಇಳಿದು ನದಿದಂಡೆಯ ದಾರಿ ಹಿಡಿಯಿರಿ. ಆಟೋದವರಿಗೆ ಗೆಜ್ಜಲ ಮಂಟಪದ ಪಾರ್ಕಿಂಗಿಗೆ ಬರಲು ಹೇಳಿ. ಕೋದಂಡರಾಮ, ಚಕ್ರತೀರ್ಥ, ಸುಗ್ರೀವ ಗುಹೆ, ಅರಸರ ತುಲಾಭಾರ ದಾಟಿ ಮುಕ್ಕಾಲು ಗಂಟೆಯಲ್ಲಿ ವಿಠ್ಠಲ ತಲುಪುತ್ತೀರಿ. ನೋಡಿ ಮುಗಿಸಿ ಆಚೆ ಬದಿಯಿಂದ ಹೊರಬಂದರೆ ಆಟೋ ಸಿದ್ಧ. ಒಟ್ಟು ಸಮಯ ಹೆಚ್ಚುಕಡಿಮೆ ಅಷ್ಟೇ, ಆದರೆ ಪ್ರಯಾಣಕ್ಕೆ ಹೋಗುತ್ತಿದ್ದ ಹೊತ್ತು ನೋಡುವ ಹೊತ್ತಾಗುತ್ತದೆ. ಎರಡು ಎಚ್ಚರಿಕೆ: ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ದಾರಿಯ ತಗ್ಗಿನ ಭಾಗಗಳಿಗೂ ನೀರು ಬರುತ್ತದೆ, ಆಗ ಈ ದಾರಿ ಬೇಡ. ಸೂರ್ಯ ಮುಳುಗಿದ ಮೇಲೆ ಅಲ್ಲಿ ದೀಪವಿಲ್ಲ, ಜನರೂ ಇರುವುದಿಲ್ಲ. ಸಂಜೆ ಈ ದಾರಿಯಲ್ಲಿ ಹಿಂದಿರುಗುವ ಯೋಚನೆ ಮಾಡಬೇಡಿ.

ಒಳಗೆ ನಲವತ್ತು ನಿಮಿಷ ಮಾತ್ರ ಸಿಕ್ಕರೆ

ಪೂರ್ವ ಗೋಪುರ ದಾಟಿದ ಕೂಡಲೇ ಎಲ್ಲರೂ ನೇರ ರಥದ ಕಡೆ ಹೋಗುತ್ತಾರೆ. ನೀವು ಎಡಕ್ಕೆ ತಿರುಗಿ ಕಲ್ಯಾಣ ಮಂಟಪಕ್ಕೆ ಹೋಗಿ. ಹಂಪಿಯ ಕಂಬದ ಕೆತ್ತನೆ ಎಂದರೆ ಏನೆಂದು ಅಲ್ಲಿ ನೆಮ್ಮದಿಯಾಗಿ ನೋಡಬಹುದು. ಒಂದೇ ಬಂಡೆಯಲ್ಲಿ ಮುಖ್ಯ ಕಂಬ, ಅದಕ್ಕೆ ಅಂಟಿದಂತೆ ಎದ್ದುನಿಂತ ಯಾಳಿ (ಸಿಂಹದಂಥ ಕಾಲ್ಪನಿಕ ಪ್ರಾಣಿ), ಮೇಲೆ ಸವಾರ. ಅದಕ್ಕೆ ಹದಿನೈದು ನಿಮಿಷ ಕೊಡಿ.

ಆಮೇಲೆ ಮಹಾಮಂಟಪದ ಜಗುಲಿಯ ಸುತ್ತ ಹೊರಗಿನಿಂದ ಒಂದು ಸುತ್ತು ಹಾಕಿ. ಕೆಳಗಿನ ಪಟ್ಟಿಕೆಯಲ್ಲಿ ಕುದುರೆಗಳನ್ನು ಹಿಡಿದು ತರುವ ಪರದೇಶದ ವ್ಯಾಪಾರಿಗಳ ಸಾಲು ಇದೆ. ವಿಜಯನಗರದ ಸೈನ್ಯಕ್ಕೆ ಕುದುರೆ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಕಲ್ಲಿನಲ್ಲಿ ಬರೆದಿಟ್ಟ ಹಾಗೆ. ತಲೆಯೆತ್ತಿಕೊಂಡೇ ನಡೆಯುವವರಿಗೆ ಇದು ಕಾಣಿಸುವುದಿಲ್ಲ. ಸಪ್ತಸ್ವರದ ಕಂಬಗಳನ್ನು ಬಡಿಯುವ ಆಸೆ ಬೇಡ. ಬಡಿದು ಬಡಿದೇ ಅವು ಸವೆದಿವೆ, ಅದಕ್ಕೇ ಮುಟ್ಟಲು ನಿಷೇಧ.

ಕೊನೆಗೆ ರಥ. ಸುತ್ತಲೂ ಸರಪಳಿ ಕಟ್ಟಿರುವುದರಿಂದ ಹತ್ತಿರ ಹೋಗಿ ಚಕ್ರ ಹಿಡಿದು ನಿಲ್ಲುವ ಫೋಟೋ ಈಗ ಸಾಧ್ಯವಿಲ್ಲ. ಇದು ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರವೂ ಇತ್ತು, 1856ರ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಕಣ್ಣಿಟ್ಟು ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು ಉಳಿದಿರುವುದು ಗೊತ್ತಾಗುತ್ತದೆ. ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ, ಪೂಜೆಯಿಲ್ಲ. ದೇವರ ದರ್ಶನಕ್ಕೆಂದೇ ಬಂದವರು ವಿರೂಪಾಕ್ಷನ ಹತ್ತಿರ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಅಲ್ಲಿ ಮಧ್ಯಾಹ್ನ ದರ್ಶನ ನಿಲ್ಲುವುದರಿಂದ ಹನ್ನೆರಡರೊಳಗೆ ಹೋಗಬೇಕು.

ಬಿಡುವುದೆಂದಾದರೆ

ವಿಠ್ಠಲವನ್ನು ಬಿಟ್ಟವರು ಹಂಪಿಯನ್ನೇ ಬಿಟ್ಟಂತಲ್ಲ. ವಿರೂಪಾಕ್ಷ ದೇವಸ್ಥಾನದಲ್ಲಿ 1510ರ ಹೊತ್ತಿಗೆ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪ ನೋಡಿ, ಹಿಂಭಾಗದ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡಿ. ಅಲ್ಲಿಂದ ಹೇಮಕೂಟ ಹತ್ತಿ ಆ ಬದಿಗೆ ಇಳಿದರೆ ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಕೃಷ್ಣ ದೇವಸ್ಥಾನ, ಅದರಾಚೆ ಉಗ್ರನರಸಿಂಹ, ಬಡವಿಲಿಂಗ. ಎಲ್ಲ ನಡೆದೇ ಮುಗಿಸಬಹುದು, ಎರಡೂವರೆ ಗಂಟೆ ಸಾಕು, ಹೇಮಕೂಟದಿಂದ ಮುಂದಿನದ್ದಕ್ಕೆಲ್ಲ ಟಿಕೆಟ್ಟೂ ಇಲ್ಲ.

ವಿಠ್ಠಲದಲ್ಲಿ ನೋಡಬೇಕೆಂದಿದ್ದುದು ರಥವಲ್ಲ, ದೊಡ್ಡ ವಿಜಯನಗರ ದೇವಸ್ಥಾನದ ಅಂಗಳ, ಗೋಪುರ, ಬಜಾರು ಎಂದಾದರೆ ಅಚ್ಯುತರಾಯ ದೇವಸ್ಥಾನಕ್ಕೆ ಹೋಗಿ. ಎದುರು ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿ ಮಾತಂಗ ಬೆಟ್ಟದ ಬುಡದಲ್ಲಿ ಇಳಿದರೆ ಇಪ್ಪತ್ತು ನಿಮಿಷದ ದಾರಿ. 1534ರ ಈ ದೇವಸ್ಥಾನಕ್ಕೆ ಒಂದರೊಳಗೊಂದು ಎರಡು ಪ್ರಾಕಾರ, ಎದುರಿಗೆ ನದಿಯವರೆಗೆ ಹಾಸಿದ ಉದ್ದನೆಯ ಬಜಾರು. ಗಾಡಿ ಹೋಗುವ ರಸ್ತೆ ಇಲ್ಲದ್ದರಿಂದ ಪ್ರವಾಸಿ ಬಸ್ಸಿನ ಜನ ಇಲ್ಲಿಗೆ ಬರುವುದಿಲ್ಲ. ಕೆತ್ತನೆ ವಿಠ್ಠಲದಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ವಿಠ್ಠಲದಲ್ಲಿ ರಜಾದಿನ ಎಷ್ಟು ಹೊತ್ತು ನಿಂತರೂ ಸಿಗದ ನಿಶ್ಶಬ್ದ ಇಲ್ಲಿದೆ. ನೀರಿನ ಬಾಟಲಿ ತುಂಬಿಸಿಕೊಂಡೇ ಹೊರಡಿ, ಒಳಗೆ ಅಂಗಡಿಗಳಿಲ್ಲ. ತಿಂಡಿಯ ಕವರನ್ನು ಚೀಲದ ಒಳಗಿಡಿ. ಕೈಯಲ್ಲಿ ಹಿಡಿದರೆ ಮೆಟ್ಟಿಲು ಇಳಿಯುವುದರೊಳಗೆ ಕೋತಿಗಳ ಪಾಲಾಗುತ್ತದೆ.